ಮಗುವಿಗೆ ಸಾವು ತಿಳಿದ ಗಳಿಗೆಯನ್ನು ಕವಿತೆಗೆ ತರುವುದು ಹೇಗೆ

ಅಜ್ಜ ತೀರಿಕೊಂಡಾಗ ನನಗೆ ಏಳು ವರ್ಷ. ಆ ದಿನ ನಾನು ಅಳಲಿಲ್ಲ. ಎರಡು ದಿನ ಮೊದಲು ಅವರು ನನಗೊಂದು ಕೆಂಪು ಬಲೂನು ಊದಿಕೊಟ್ಟಿದ್ದರು. ಅದು ದಿನದಿನಕ್ಕೆ ಸೊರಗುತ್ತಾ ಬಂತು. ಒಳಗಿರುವುದು ಅಜ್ಜನ ಉಸಿರು ಅಂತ ಒಂದು ಸಂಜೆ ಹೊಳೆಯಿತು. ಬಲೂನಿನ ಗಂಟನ್ನು ಬಿಗಿಯಾಗಿ ಹಿಡಿದು ಕೂತೆ. ಅಳು ಬಂದದ್ದು ಆಗ.

ಇದನ್ನು ಬರೆಯಲು ಹೊರಟಾಗ ನನ್ನ ಮೊದಲ ಕರಡಿನಲ್ಲಿ ಬಲೂನೇ ಇರಲಿಲ್ಲ. ಬರೀ ಕಾಲ, ಕತ್ತಲು, ಅನಂತ. ಅದು ಏಳು ವರ್ಷದವಳ ಕವಿತೆ ಆಗಿರಲಿಲ್ಲ.

ಹಾಗಾಗಿ ಮೊದಲು ಒಂದು ವಸ್ತು ಹುಡುಕಿ. ಸಾವಿನ ದಿನವನ್ನೇ ನೆನೆಯುತ್ತಾ ಕೂರಬೇಡಿ. ಆಮೇಲೆ ನಿಮ್ಮ ಕೈಗೆ ಏನು ಸಿಕ್ಕಿತು? ಪುಟ ಮಡಿಸಿಟ್ಟ ಪುಸ್ತಕವೋ, ಒಂಟಿ ಚಪ್ಪಲಿಯೋ? ಒಂದೇ ಸಾಕು. ಎರಡಾದರೆ ಜಾಸ್ತಿ.

ಆಮೇಲೆ ಮಗುವಿನ ವಯಸ್ಸು. ಇಲ್ಲಿ ತುಸು ನಿಲ್ಲಿ. ಸತ್ತವರು ಮರಳುವುದಿಲ್ಲ, ಎಲ್ಲರೂ ಸಾಯುತ್ತಾರೆ ಎನ್ನುವುದು ಹೆಚ್ಚಿನ ಮಕ್ಕಳಿಗೆ 5ರಿಂದ 7 ವರ್ಷದೊಳಗೆ ಅರ್ಥವಾಗತೊಡಗುತ್ತದೆ. ಸಣ್ಣ ಮಗು ‘ಅಜ್ಜ ಯಾವಾಗ ಬರ್ತಾರೆ?’ ಎಂದು ಕೇಳುತ್ತದೆ. ತುಸು ದೊಡ್ಡದಾದರೆ ‘ಅಮ್ಮಾ, ನೀನೂ ಸಾಯ್ತೀಯಾ?’ ಎನ್ನುತ್ತದೆ. ಈ ಎರಡು ಪ್ರಶ್ನೆಗಳ ನಡುವೆ ಬಾಲ್ಯದ ಏನೋ ಒಂದು ಕಳೆದುಹೋಗುತ್ತದೆ, ಅಲ್ವಾ? ನಿಮ್ಮ ಮಗು ಯಾವ ಪ್ರಶ್ನೆಯ ಹತ್ತಿರ ಇದೆ ಎಂದು ತಿಳಿಯದೆ ಬರೆಯಬೇಡಿ. ಅದಕ್ಕೆ ಗೊತ್ತಿಲ್ಲದ್ದನ್ನು ಅದರ ಬಾಯಲ್ಲಿ ಹೇಳಿಸಬೇಡಿ.

ಮಾತಾಡುವವರು ಯಾರು ಎಂಬುದನ್ನೂ ತೀರ್ಮಾನಿಸಿ. ಇಂಗ್ಲಿಷ್ ಕವಿ ಹಾಪ್ಕಿನ್ಸ್ 1880ರಲ್ಲಿ ಬರೆದ ಒಂದು ಕವಿತೆಯಲ್ಲಿ ಉದುರುವ ಎಲೆಗಳಿಗಾಗಿ ಹುಡುಗಿಯೊಬ್ಬಳು ಅಳುತ್ತಾಳೆ. ನೀನು ಅಳುತ್ತಿರುವುದು ನಿನಗಾಗಿಯೇ ಎಂದು ದೊಡ್ಡವರ ದನಿಯೊಂದು ಹೇಳುತ್ತದೆ. ವರ್ಡ್ಸ್‌ವರ್ತ್ 1798ರ ‘ವಿ ಆರ್ ಸೆವೆನ್’ನಲ್ಲಿ ಹಿಡಿದ ದಾರಿ ಬೇರೆ. ಎಂಟು ವರ್ಷದ ಹುಡುಗಿಯ ಒಡಹುಟ್ಟಿದವರಲ್ಲಿ ಇಬ್ಬರು ಮಣ್ಣಲ್ಲಿದ್ದಾರೆ. ಉಳಿದದ್ದು ಐದೇ ಜನ ಎಂದು ದೊಡ್ಡವನು ಲೆಕ್ಕ ಹೇಳುತ್ತಾನೆ. ಅವಳು ಒಪ್ಪುವುದೇ ಇಲ್ಲ, ನಾವು ಏಳು ಜನ ಎನ್ನುತ್ತಾಳೆ. ನನಗೆ ಈ ಹುಡುಗಿಯೇ ಹೆಚ್ಚು ಹತ್ತಿರ. ಈ ಕವಿತೆಯ ಕೊನೆಯ ಸಾಲೇ ಮೊದಲು ಹುಟ್ಟಿತು ಎಂದು ಕವಿಯೇ ಹೇಳಿದ್ದಾರೆ. ನೀವೂ ಹಾಗೆ ಮಾಡಿ ನೋಡಿ. ನನಗೆ ದಾರಿ ಸಿಕ್ಕಿದ್ದು ಹೀಗೆಯೇ.

ಕೊನೆಗೆ ಪೆನ್ಸಿಲ್ ಹಿಡಿದು ‘ಸಾವು’, ‘ಮುಗ್ಧತೆ’ ಎಂಬ ಮಾತುಗಳನ್ನು ಹೊಡೆದುಹಾಕಿ. ಸಮಾಧಾನದ ಸಾಲನ್ನೂ ತೆಗೆಯಿರಿ. ‘ಅಜ್ಜ ನಕ್ಷತ್ರವಾದರು’ ಎಂದು ಯಾರಾದರೂ ನಿಜಕ್ಕೂ ಹೇಳಿದ್ದರೆ ಅದು ಅವರ ಮಾತಾಗಿಯೇ ಬರಲಿ. ಮಗು ಸುಮ್ನೆ ಆಕಾಶ ನೋಡಲಿ.

ನನ್ನ ಕವಿತೆ ಈಗ ಹನ್ನೊಂದು ಸಾಲು. ಅಜ್ಜ ಅದರಲ್ಲಿ ಒಮ್ಮೆ ಮಾತ್ರ ಬರುತ್ತಾರೆ, ಕೆನ್ನೆ ಉಬ್ಬಿಸಿಕೊಂಡು.