ಗಾಳಿಗೆ ಬಿಟ್ಟ ಮಾತು ಫೋನಿನಲ್ಲೂ ಸಿಗಬೇಕಾದರೆ: ಕರಾವಳಿಯ ರೇಡಿಯೊದವರಿಗೆ ಒಂದಿಷ್ಟು ದಾರಿ

ಜುಲೈ ತಿಂಗಳು, ರಾತ್ರಿ ಒಂಬತ್ತು ಗಂಟೆ, ಹೊರಗೆ ಜಡಿಮಳೆ. ಆ ಹೊತ್ತಿಗೆ ಮಂಗಳೂರು, ಉಡುಪಿಯ ಮನೆಮನೆಯಲ್ಲೂ ಒಂದೇ ಪ್ರಶ್ನೆ: ನಾಳೆ ಶಾಲೆಗೆ ರಜೆ ಉಂಟಾ? ಮೊದಲಾದರೆ ಯಾರಾದರೂ ರೇಡಿಯೊ ಹಾಕುತ್ತಿದ್ದರು. ಈಗ ವಾಟ್ಸಾಪ್ ತೆರೆಯುತ್ತಾರೆ. ಅಲ್ಲಿ ಹೋದ ವರ್ಷದ ಜಿಲ್ಲಾಧಿಕಾರಿ ಆದೇಶದ ಫೋಟೊ, ತಾರೀಖು ಮಾತ್ರ ತಿದ್ದಿದ್ದು, ಹತ್ತು ಗ್ರೂಪ್ ಸುತ್ತಿ ಬಂದು ಕೂತಿರುತ್ತದೆ. ಮಕ್ಕಳಿಗೆ ಖುಷಿ, ಅಮ್ಮಂದಿರಿಗೆ ಮಂಡೆಬಿಸಿ.

ಆ ಜಾಗದಲ್ಲಿ ರೇಡಿಯೊ ಇರಬೇಕಿತ್ತು, ಅಲ್ವಾ? ಜನ ನಂಬುವ ದನಿ ನಮ್ಮ ಹತ್ತಿರ ಉಂಟು, ಆದರೆ ಜನ ಇರುವುದು ಫೋನಿನಲ್ಲಿ. ಆ ಫೋನಿನಲ್ಲಿ ಎಫ್‌ಎಂ ಕೂಡ ಸರಿಯಾಗಿ ಬರುವುದಿಲ್ಲ. ಇಯರ್‌ಫೋನಿನ ವಯರೇ ಎಫ್‌ಎಂಗೆ ಆ್ಯಂಟೆನಾ, ಈಗಿನ ಎಷ್ಟೋ ಫೋನುಗಳಲ್ಲಿ ಆ ವಯರ್ ಚುಚ್ಚುವ ತೂತೇ ಇಲ್ಲ. ಫೋನ್‌ಗಳಲ್ಲಿ ಎಫ್‌ಎಂ ಬಂದ್ ಮಾಡಬೇಡಿ ಎಂದು 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಕಂಪನಿಗಳಿಗೆ ಹೇಳಬೇಕಾಯಿತು. ಅದು ಸರಿಹೋಗಲಿ ಎಂದು ಕಾಯುತ್ತಾ ಕೂರಬೇಡಿ.

ಈ ಕರಾವಳಿಯಲ್ಲಿ ಸಣ್ಣ ರೇಡಿಯೊವೊಂದರಲ್ಲಿ ಮೈಕಿನ ಮುಂದೆಯೂ ಎಡಿಟಿಂಗ್ ಟೇಬಲ್ಲಿನ ಮುಂದೆಯೂ ಕೂತವನಾಗಿ ನನಗೆ ಅನಿಸಿದ್ದು ಇಷ್ಟೇ. ಸೋಶಿಯಲ್ ಮೀಡಿಯಾಕ್ಕೆ ಅಂತ ಹೊಸದಾಗಿ ಏನನ್ನೂ ಮಾಡಲು ಹೋಗಬೇಡಿ. ದಿನಾ ಮಾಡುತ್ತಿರುವುದನ್ನೇ ಎತ್ತಿಡಿ, ತುಂಡು ಮಾಡಿ, ಹೆಸರು ಹಾಕಿ, ಹುಡುಕಿದರೆ ಸಿಗುವ ಹಾಗೆ ಇಡಿ.

ಮೊದಲು ಎತ್ತಿಡುವ ವಿಷಯ. ಇದು ಯಾರಿಗೂ ಬೇಡದ ಕೆಲಸ, ಆದರೆ ಎಲ್ಲಕ್ಕಿಂತ ದೊಡ್ಡದು. ನಾವೊಮ್ಮೆ ಯಕ್ಷಗಾನದ ಹಿರಿಯ ಭಾಗವತರೊಬ್ಬರನ್ನು ಮುಕ್ಕಾಲು ಗಂಟೆ ಮಾತಾಡಿಸಿದ್ದೆವು. ಪ್ರಸಾರ ಆಯಿತು, ಎಲ್ಲರೂ ಚೆನ್ನಾಗಿತ್ತು ಅಂದರು. ಮೂರು ವರ್ಷದ ಮೇಲೆ ಅವರು ತೀರಿಕೊಂಡಾಗ ಆ ರೆಕಾರ್ಡಿಂಗ್ ಹುಡುಕಿದರೆ ಕಂಪ್ಯೂಟರ್‌ನಲ್ಲಿ ಇದ್ದದ್ದು 'ಫೈನಲ್', 'ಫೈನಲ್ 2', 'ಹೊಸ ಫೈನಲ್' ಎಂಬ ನೂರಾರು ಫೈಲು. ಅದರಲ್ಲಿ ಅವರ ದನಿ ಇರಲೇ ಇಲ್ಲ. ಜಾಗ ಸಾಲದು ಅಂತ ನಾವೇ ಅಳಿಸಿದ್ದೆವು. ಬೇರೆ ಯಾರನ್ನು ಬೈಯುವುದು?

ಹಾಗಾಗಿ ಫೈಲಿಗೆ ಹೆಸರು ಹೀಗಿಡಿ: ಮೊದಲು ವರ್ಷ, ತಿಂಗಳು, ದಿನ, ಆಮೇಲೆ ವಿಷಯ, ಮಾತಾಡಿದವರ ಹೆಸರು, ಊರು. ವರ್ಷ ಮೊದಲು ಬಂದರೆ ಫೈಲುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಮೂಲವನ್ನು ದನಿಯ ಗುಣ ಕಡಿಮೆಯಾಗದ ವೇವ್ ಫೈಲಾಗಿ ಇಡಿ, ಕಳಿಸಲಿಕ್ಕೆ ಸಣ್ಣ ಗಾತ್ರದ 128 ಕೆಬಿಪಿಎಸ್ ಎಂಪಿ3 ಸಾಕು. ಎರಡು ಪ್ರತಿ ಇರಲಿ, ಒಂದು ಸ್ಟುಡಿಯೋದಲ್ಲಿ, ಇನ್ನೊಂದು ಬೇರೆ ಕಟ್ಟಡದಲ್ಲಿ. ನಮ್ಮ ಊರಿನ ಸಿಡಿಲು, ಕರೆಂಟು ಹೇಗೆ ಅಂತ ಗೊತ್ತಲ್ಲ.

ಇನ್ನೊಂದು ಅಭ್ಯಾಸ ಇವತ್ತಿನಿಂದಲೇ ಶುರು ಮಾಡಿ: ಮಾತು ಬೇರೆ, ಹಾಡು ಬೇರೆ. ಕಾರ್ಯಕ್ರಮದಲ್ಲಿ ಸಿನಿಮಾ ಹಾಡು ಇರುತ್ತದೆ, ಇರಲಿ, ಆದರೆ ಹಾಡಿಲ್ಲದ ಮಾತಿನ ಒಂದು ಪ್ರತಿ ಬೇರೆಯೇ ಉಳಿಸಿ. ಯಾಕೆಂದರೆ ಎಫ್‌ಎಂನಲ್ಲಿ ಹಾಡು ಹಾಕಲು ಪಡೆದ ಹಕ್ಕು ಯೂಟ್ಯೂಬ್‌ಗೂ ಪಾಡ್‌ಕಾಸ್ಟ್‌ಗೂ ತಾನಾಗಿ ಬರುವುದಿಲ್ಲ. ಕಾಪಿರೈಟ್ ಕಾಯ್ದೆಯ 31ಡಿ ಸೆಕ್ಷನ್ನು ರೇಡಿಯೊ, ಟಿವಿಯವರಿಗೆ ನಿಗದಿ ದರ ಕೊಟ್ಟು ಹಾಡು ಬಳಸುವ ದಾರಿ ಕೊಡುತ್ತದೆ. ಇಂಟರ್ನೆಟ್‌ಗೆ ಅದು ಅನ್ವಯಿಸುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2019ರಲ್ಲಿ ಹೇಳಿತು, 2022ರಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ನಾವು ಇದೆಲ್ಲ ಗೊತ್ತಿಲ್ಲದೆ ಒಂದು ಗಂಟೆಯ ಕಾರ್ಯಕ್ರಮವನ್ನು ಹಾಗೆಯೇ ಯೂಟ್ಯೂಬ್‌ಗೆ ಹಾಕಿ, ನಾಲ್ಕು ಹಾಡಿಗೆ ನಾಲ್ಕು ಕಾಪಿರೈಟ್ ಕ್ಲೇಮ್, ಅಂದರೆ ಹಾಡಿನ ಹಕ್ಕುದಾರರ ತಕರಾರು, ತಿಂದೆವು. ಹತ್ತು ಸೆಕೆಂಡ್ ಆದರೆ ಪರವಾಗಿಲ್ಲ ಅಂತ ಹೇಳುವವರು ಸಿಗುತ್ತಾರೆ, ಅಂಥ ಕಾನೂನು ನಮ್ಮಲ್ಲಿ ಇಲ್ಲ. ಹಿನ್ನೆಲೆಗೆ ಸಂಗೀತ ಬೇಕಾದರೆ ನಿಮ್ಮೂರಿನ ಚೆಂಡೆಯವರನ್ನೋ ಕೊಳಲಿನವರನ್ನೋ ಕರೆದು ಅರ್ಧ ದಿನ ರೆಕಾರ್ಡ್ ಮಾಡಿ, ದುಡ್ಡು ಕೊಡಿ, ಎಲ್ಲ ಕಡೆ ಬಳಸಲು ಒಪ್ಪಿಗೆ ಇದೆ ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಐದಾರು ತುಣುಕು ಇದ್ದರೆ ವರ್ಷಗಟ್ಟಲೆ ಸಾಕು, ಮತ್ತೆ ಅದು ನಿಮ್ಮದೇ ಗುರುತೂ ಆಗುತ್ತದೆ.

ಈಗ ತುಂಡು ಮಾಡುವುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಮಲ್ಪೆಯಲ್ಲಿ ಬೋಟುಗಳೆಲ್ಲ ದಡದಲ್ಲಿ. ಬಲೆ ಸರಿಮಾಡುತ್ತಾ ಕೂತವರೊಬ್ಬರನ್ನು ನೀವು ಅರ್ಧ ಗಂಟೆ ಮಾತಾಡಿಸಿದ್ದೀರಿ ಅಂದುಕೊಳ್ಳಿ. ಅದರಲ್ಲಿ ಇಪ್ಪತ್ತು ನಿಮಿಷ ಡೀಸೆಲ್ ರೇಟು, ಸಾಲ, ಸಬ್ಸಿಡಿ. ನಡುವೆ ಎಲ್ಲೋ ಒಂದು ಕಡೆ ಅವರು, ಬೂತಾಯಿ ಮೀನಿನ ಹಿಂಡು ಮೇಲೆ ಬಂದರೆ ನೀರಿನ ಬಣ್ಣ ಹೇಗೆ ಬದಲಾಗುತ್ತದೆ ಅಂತ ಹೇಳುತ್ತಾರೆ. ಅದೇ ನಿಮ್ಮ ತುಂಡು. ಒಂದು ನಿಮಿಷ, ಹೆಚ್ಚೆಂದರೆ ಒಂದೂವರೆ. ಇನ್‌ಸ್ಟಾಗ್ರಾಮ್‌ನ ರೀಲ್ಸ್, ಯೂಟ್ಯೂಬ್‌ನ ಶಾರ್ಟ್ಸ್ ಎರಡರಲ್ಲೂ ಈಗ ಮೂರು ನಿಮಿಷದ ವಿಡಿಯೊ ಹಾಕಬಹುದು, ಹಾಗಂತ ಮೂರು ನಿಮಿಷ ತುಂಬಿಸಬೇಕೆಂದಿಲ್ಲ. 'ನಮಸ್ಕಾರ ಕೇಳುಗರೇ, ಇವತ್ತಿನ ಕಾರ್ಯಕ್ರಮಕ್ಕೆ ಸ್ವಾಗತ' ಎಂದು ಶುರು ಮಾಡಿದರೆ ಸ್ವಾಗತ ಮುಗಿಯುವುದರೊಳಗೆ ಕೇಳುಗರು ಹೋಗಿ ಆಗಿರುತ್ತದೆ. ನೇರ ನೀರಿನ ಬಣ್ಣದಿಂದಲೇ ಶುರು ಮಾಡಿ. ಅವರು ಯಾರು, ಯಾವ ಊರು ಎಂಬುದು ಪರದೆಯ ಮೇಲೆ ಬರಲಿ.

ವಿಡಿಯೊಗೆ ದೊಡ್ಡ ಕ್ಯಾಮೆರಾ ಬೇಡ. ಒಂದು ಫೋನನ್ನು ಸ್ಟ್ಯಾಂಡಿಗೆ ನೆಟ್ಟಗೆ ಸಿಕ್ಕಿಸಿ. ಆದರೆ ದನಿಯನ್ನು ಮಾತ್ರ ಫೋನಿನಿಂದ ತೆಗೆದುಕೊಳ್ಳಬೇಡಿ, ಸ್ಟುಡಿಯೋ ಮೈಕಿನದ್ದನ್ನೇ ಸೇರಿಸಿ. ಶುರುವಿನಲ್ಲಿ ಮೈಕಿನ ಮುಂದೆ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಎರಡನ್ನೂ ಹೊಂದಿಸುವುದು ಸುಲಭ. ಒಳ್ಳೆಯ ದನಿ ನಮ್ಮ ಕಸುಬು ಮಾರಾಯ್ರೆ, ಅಲ್ಲೇ ಸೋತರೆ ಹೇಗೆ? ಕೆಳಗೆ ಅಕ್ಷರ ಬೇಕೇ ಬೇಕು, ಬಸ್ಸಿನಲ್ಲಿ ಕೂತವರು ದನಿ ಬಂದ್ ಮಾಡಿಯೇ ನೋಡುವುದು. ಆ ಅಕ್ಷರ ಎಲ್ಲ ಫೋನಿನಲ್ಲೂ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲಿರಲಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸ್ಕ್ರಿಪ್ಟ್ ಅಂಟಿಸಿದರೆ ಕಾಣುವುದು ಅರ್ಥವಿಲ್ಲದ ಗೀಚು, ಅದನ್ನು ಮೊದಲು ಪರಿವರ್ತಿಸಿಕೊಳ್ಳಿ.

ವಿಡಿಯೊ ಇಲ್ಲದಿದ್ದರೂ ನಡೆಯುತ್ತದೆ. ಇದು ಯಾರೂ ಮಾಡದ ಕೆಲಸ, ನನಗೆ ತುಂಬಾ ಇಷ್ಟದ್ದು: ಸುಮ್ನೆ ಸದ್ದು ಹಿಡಿಯಿರಿ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಊರ ಹೆಸರು ಕೂಗುವುದು, ಬಂದರಿನಲ್ಲಿ ಮೀನಿನ ಏಲಂ, ಕಂಬಳದ ಕೆಸರಿನ ಓಟದ ಕಣದಲ್ಲಿ, ನಾವು ಕರೆ ಅನ್ನುತ್ತೇವೆ, ಕೋಣ ಓಡುವಾಗ ನೀರು ಎದ್ದು ಬೀಳುವುದು, ಹಂಚಿನ ಮೇಲೆ ಮೊದಲ ಮಳೆ. ಮೂವತ್ತು ಸೆಕೆಂಡ್ ಸದ್ದು, ಒಂದು ಫೋಟೊ, ಎರಡು ಸಾಲು. ದುಬೈಯಲ್ಲಿ ಕೂತವನು ಅದನ್ನು ಹತ್ತು ಸಲ ಕೇಳುತ್ತಾನೆ.

ದುಬೈ ಅಂದಾಗ ನೆನಪಾಯಿತು. ನಮ್ಮವರು ಅರ್ಧ ಜನ ಅಲ್ಲಿದ್ದಾರೆ, ಇನ್ನರ್ಧ ಮುಂಬೈಯಲ್ಲಿ. ಸಮುದಾಯ ರೇಡಿಯೊಗೆ ಸಿಗುವ ಶಕ್ತಿ 100 ವಾಟ್, ಊರು ದಾಟಿದರೆ ಕೇಳುವುದಿಲ್ಲ. ನೆಟ್‌ನಲ್ಲಿ ಆ ಬೇಲಿ ಇಲ್ಲ. ಆಕಾಶವಾಣಿಯವರು ಇನ್ನೂರಕ್ಕೂ ಹೆಚ್ಚು ಚಾನೆಲ್‌ಗಳನ್ನು ನ್ಯೂಸ್‌ಆನ್‌ಏರ್ ಆಪ್‌ಗೆ ತಂದಿದ್ದಾರೆ. ನೀವು ನೇರಪ್ರಸಾರ ಮಾಡದಿದ್ದರೂ ಪೋಸ್ಟ್ ಹಾಕುವ ಹೊತ್ತನ್ನಾದರೂ ನೋಡಿ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈತ್, ಕತಾರ್ ಎರಡೂವರೆ ಗಂಟೆ. ನಮ್ಮ ರಾತ್ರಿ ಒಂಬತ್ತೂವರೆಗೆ ಹಾಕಿದರೆ ಅಲ್ಲಿ ಕೆಲಸ ಮುಗಿಸಿ ರೂಮಿಗೆ ಬಂದಿರುತ್ತಾರೆ.

ಭಾಷೆಯ ವಿಷಯಕ್ಕೆ ಮಂಗಳೂರಿನ ರೇಡಿಯೊ ಸಾರಂಗ್ 107.8 ನೋಡಿ. ಒಂದೇ ಭಾಷೆಗೆ ಅಂಟಿಕೊಳ್ಳದೆ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲದರಲ್ಲೂ ಕಾರ್ಯಕ್ರಮ ಮಾಡುತ್ತಾ ಬಂದಿದ್ದಾರೆ. ನೆಟ್‌ನಲ್ಲಿ ಇದು ಇನ್ನೂ ಜಾಸ್ತಿ ಕೆಲಸಕ್ಕೆ ಬರುತ್ತದೆ. ತುಳು ಮಾತಿಗೆ ತುಳುವಿನಲ್ಲೇ ಶೀರ್ಷಿಕೆ ಕೊಡಿ. ತುಳು-ತಿಗಳಾರಿ ಲಿಪಿ 2024ರಲ್ಲಿ ಯೂನಿಕೋಡ್‌ಗೆ ಸೇರಿದೆ, ಸಂತೋಷ, ಆದರೆ ಜನ ಹುಡುಕುವುದು ಕನ್ನಡ ಅಕ್ಷರದಲ್ಲಿ, ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲಿ. ಎರಡರಲ್ಲೂ ಬರೆಯಿರಿ. 'ಸಂಚಿಕೆ 47' ಅಂತ ಹಾಕಬೇಡಿ, ಅದನ್ನು ಯಾರು ಹುಡುಕುತ್ತಾರೆ?

ಕೇಳುಗರ ಮಾತು ಬರುವ ದಾರಿಯೂ ಬದಲಾಗಿದೆ. ಮೊದಲು ಕಾರ್ಡು, ಆಮೇಲೆ ಫೋನ್‌-ಇನ್, ಈಗ ವಾಟ್ಸಾಪ್‌ನ ವಾಯ್ಸ್ ಮೆಸೇಜ್. ಸ್ಟುಡಿಯೋಗೇ ಒಂದು ನಂಬರ್ ಮಾಡಿ, ಆರ್‌ಜೆಯ, ಅಂದರೆ ಕಾರ್ಯಕ್ರಮ ನಡೆಸುವವರ, ಸ್ವಂತ ನಂಬರ್ ಬೇಡ, ಅದರಲ್ಲೂ ಹೆಣ್ಣುಮಕ್ಕಳದ್ದು ಬೇಡವೇ ಬೇಡ. ಗ್ರೂಪ್ ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಬೆಳಗಾದರೆ ಗುಲಾಬಿ ಹೂವಿನ ಶುಭೋದಯ ಬೇರೆ. 2023ರ ಸೆಪ್ಟೆಂಬರ್‌ನಲ್ಲಿ ನಮ್ಮ ದೇಶಕ್ಕೆ ಬಂದ ವಾಟ್ಸಾಪ್ ಚಾನೆಲ್ ವಾಸಿ, ನಂಬರ್ ಕಾಣುವುದಿಲ್ಲ, ಹೇಳುವವರು ನೀವು ಮಾತ್ರ. ಮತ್ತೆ ಕೇಳುಗರು ಕಳಿಸಿದ ದನಿಯನ್ನು ಇನ್‌ಸ್ಟಾಗ್ರಾಮ್‌ಗೆ ಹಾಕುವ ಮೊದಲು ಒಂದು ಮಾತು ಕೇಳಿ. ರೇಡಿಯೊದಲ್ಲಿ ಗಂಡನ ಮನೆಯ ಕಷ್ಟ ಹೇಳಿಕೊಂಡವರಿಗೆ ಅದು ಗಾಳಿಗೆ ಹೋಗಿ ಮುಗಿಯುತ್ತದೆ ಎಂಬ ಧೈರ್ಯ ಇರುತ್ತದೆ, ನೆಟ್‌ನಲ್ಲಿ ಅದು ಮುಗಿಯುವುದೇ ಇಲ್ಲ.

ಇನ್ನು ಆ ಮಳೆರಜೆ. ಇದಕ್ಕೆ ಮೇ ತಿಂಗಳಲ್ಲೇ ತಯಾರಿ ಬೇಕು. ಜಿಲ್ಲಾಡಳಿತದ ಅಧಿಕೃತ ಖಾತೆ ಯಾವುದು, ಯಾರಿಗೆ ಫೋನ್ ಮಾಡಿದರೆ ಖಾತ್ರಿಯಾಗುತ್ತದೆ ಎಂದು ಗೋಡೆಗೆ ಅಂಟಿಸಿಡಿ. ಆದೇಶ ಬಂದಿದೆ ಅಂತ ಗೊತ್ತಾದರೆ ಎರಡು ಕಡೆ ನೋಡಿ, ಆಮೇಲೆ ಇಪ್ಪತ್ತು ಸೆಕೆಂಡಿನ ದನಿ ಮಾಡಿ ಚಾನೆಲ್‌ಗೆ ಹಾಕಿ: ಯಾವ ಜಿಲ್ಲೆ, ಯಾವ ತಾಲೂಕು, ಎಷ್ಟನೇ ತರಗತಿವರೆಗೆ, ಯಾವ ತಾರೀಖು. ತಾರೀಖು ಬಾಯಲ್ಲಿ ಹೇಳಲೇಬೇಕು, ಫಾರ್ವರ್ಡ್ ಆಗಿ ಮುಂದಿನ ವರ್ಷ ಮತ್ತೆ ಬಂದರೂ ಯಾರೂ ಮೋಸಹೋಗಬಾರದು. ಆದೇಶ ಬಾರದಿದ್ದರೆ 'ಹತ್ತು ಗಂಟೆಯವರೆಗೆ ಆದೇಶ ಬಂದಿಲ್ಲ' ಎಂಬುದೂ ಸುದ್ದಿಯೇ, ಅದನ್ನೂ ಹಾಕಿ. ಬೆಂಗಳೂರಿಗೆ ಹೋಗುವ ಶಿರಾಡಿ ಘಾಟಿ ರಸ್ತೆ ಬಂದಾದಾಗಲೂ ಇದೇ ಕ್ರಮ. ಒಂದು ಮಳೆಗಾಲ ತಪ್ಪದೆ ಮಾಡಿದರೆ ಜನ ತಾವಾಗಿಯೇ ನಿಮ್ಮ ಚಾನೆಲ್ ಹುಡುಕಿಕೊಂಡು ಬರುತ್ತಾರೆ, ಯಾವ ಡ್ಯಾನ್ಸ್ ಟ್ರೆಂಡೂ ಬೇಡ.

ಕೊನೆಗೆ ಕೆಲಸ ಯಾರದ್ದು ಎಂಬ ಪ್ರಶ್ನೆ. ಆರ್‌ಜೆನೇ ಮಾಡಿಕೊಳ್ಳಲಿ ಅಂತ ಎಲ್ಲ ಕಡೆ ಹೇಳುತ್ತಾರೆ. ನಾಲ್ಕು ಗಂಟೆ ಮೈಕಿನಲ್ಲಿ ಕೂತವರಿಗೆ ಇದನ್ನೂ ಹೊರಿಸಿದರೆ ಎರಡು ವಾರ ನಡೆಯುತ್ತದೆ, ಆಮೇಲೆ ಪೇಜ್ ಮಲಗುತ್ತದೆ. ದಿನಕ್ಕೆ ಎರಡು ಗಂಟೆ ಇದಕ್ಕೇ ಅಂತ ಒಬ್ಬರಿಗೆ ಬಿಟ್ಟುಕೊಡಿ, ವಾರಕ್ಕೆ ಮೂರೇ ತುಂಡು ಬಂದರೂ ಸಾಕು. ಖಾತೆಗಳು ರೇಡಿಯೊ ಕೇಂದ್ರದ ಹೆಸರಲ್ಲಿರಲಿ. ನನಗೆ ಗೊತ್ತಿರುವ ಒಂದು ಕಡೆ ಹುಡುಗ ಕೆಲಸ ಬಿಟ್ಟು ಹೋದ, ಪೇಜೂ ಅವನ ಜೊತೆಗೇ ಹೋಯಿತು. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ, ಒಂದು ಚೀಟಿ ಕಪಾಟಿನಲ್ಲಿರಲಿ, ಮತ್ತೆ ಒಟಿಪಿ ಬರುವ ಆ ಸಿಮ್‌ಗೆ ರೀಚಾರ್ಜ್ ಮಾಡುವುದನ್ನು ಮರೆಯಬೇಡಿ.