ಗರಾಜ್ ಬಾಗಿಲ ಮೇಲೆ ಆರಡಿ ಬೆಕ್ಕು

ಇಲ್ಲಿ ಅಮೆರಿಕಾದಲ್ಲಿ ಅಕ್ಟೋಬರ್ 31ರಂದು ಮಕ್ಕಳು ವೇಷ ಹಾಕ್ಕೊಂಡು ಮನೆಮನೆಗೆ ಕ್ಯಾಂಡಿ ಕೇಳೋಕೆ ಬರೋ ಹ್ಯಾಲೋವೀನ್‌ಗೆ ಅಲಂಕಾರ ಅಂತ ಸುಮ್ನೆ ದುಡ್ಡು ಸುರೀಬೇಡಿ, ಬಿಳಿ ಗರಾಜ್ ಬಾಗಿಲಿದ್ರೆ ನೆರಳಾಟಕ್ಕೆ ಅದೇ ಪರದೆ. ಪಾರ್ಸೆಲ್ ಬಂದ ರಟ್ಟಿನ ಡಬ್ಬ ಬಿಚ್ಚಿ ಬೆಕ್ಕು, ಬಾವಲಿ ಏನಾದ್ರೂ ಕತ್ತರಿಸಿ, ಕಣ್ಣಿನ ಜಾಗ ತೂತು ಮಾಡಿ, ಕಡ್ಡಿಗೆ ಟೇಪ್ ಸುತ್ತಿ ಹುಲ್ಲಲ್ಲಿ ಚುಚ್ಚಿ, ಅದರ ಹಿಂದೆ ನೆಲದ ಮೇಲೆ ಬಾಗಿಲ ಕಡೆ ಬೆಳಕು ಬೀಳೋ ಹಾಗೆ ಒಂದು ಎಲ್‌ಇಡಿ ಟಾರ್ಚ್ ಇಡಿ ಅಷ್ಟೇ.

ಮಜಾ ಇರೋದೇ ದೂರದಲ್ಲಿ, ಟಾರ್ಚಿಂದ ಬೆಕ್ಕು 2 ಅಡಿ, ಬಾಗಿಲು 12 ಅಡಿ ಇದ್ರೆ ಒಂದಡಿ ಬೆಕ್ಕಿನ ನೆರಳು ಆರಡಿ ಆಗುತ್ತೆ, ಗಾಳಿಗೆ ರಟ್ಟು ಅಲ್ಲಾಡಿದ್ರೆ ಬಾಲ ಆಡಿಸಿದಂಗೇ ಕಾಣುತ್ತೆ, ನಂಗಂತೂ ಅದು ತುಂಬಾ ಇಷ್ಟ! ಟಾರ್ಚ್ ಒಂದೇ ಸಾಕು, ಎರಡಿಟ್ರೆ ನೆರಳು ಎರಡೆರಡು ಬಿದ್ದು ಕಲಸಿಹೋಗುತ್ತೆ. ರಟ್ಟಿನ ಹತ್ರ ಮೇಣದಬತ್ತಿ ಮಾತ್ರ ಬೇಡವೇ ಬೇಡ.

ಪೋರ್ಚ್ ಲೈಟ್ ಪೂರ್ತಿ ಆರಿಸ್ಬೇಡಿ, ಕ್ಯಾಂಡಿ ಇಲ್ಲ ಅನ್ಕೊಂಡು ಮಕ್ಕಳು ವಾಪಸ್ ಹೋಗ್ಬಿಡ್ತಾರೆ, ಮಂದ ಕಿತ್ತಳೆ ಬಲ್ಬ್ ಹಾಕಿ.