ಲಸಿಕೆ ಹಾಕಿಸಿದವರಿಗೇ ದಡಾರ ಜಾಸ್ತಿ ಬಂತು ಅಂದಾಗ ನಾನು ಲೆಕ್ಕ ಹಾಕಿದ್ದು ಹೀಗೆ

ಕಮ್ಯುನಿಟಿ ಮೆಡಿಸಿನ್ ಓದಿ ಯಾದಗಿರಿ, ಕಲಬುರಗಿ ಕಡೆ ಕೆಲಸ ಮಾಡಿದ್ದೇನೆ. ಮಕ್ಕಳ ಲಸಿಕೆಯಿಂದ ಊರಿಗೆ ಎಷ್ಟು ಉಪಯೋಗ ಆಯಿತು ಅಂತ ಅಳೆಯುವುದು ಅದರಲ್ಲಿ ಒಂದು ಭಾಗ. ಹೊರಗಿನಿಂದ ನೋಡಿದರೆ ಸುಲಭ, ಶೇಕಡಾವಾರು ಬರೆದರೆ ಮುಗಿಯಿತು ಅನಿಸುತ್ತದೆ. ಆದರೆ ಕೆಲವು ಉಪಕೇಂದ್ರಗಳ ವರದಿಯಲ್ಲಿ ನೂರಕ್ಕೆ ನೂರಕ್ಕಿಂತ ಜಾಸ್ತಿ ಮಕ್ಕಳಿಗೆ ಪೆಂಟಾ (ಗಂಟಲುಮಾರಿ, ನಾಯಿಕೆಮ್ಮು ಸೇರಿ ಐದು ರೋಗಕ್ಕೆ ಒಂದೇ ಲಸಿಕೆ) ಮೊದಲ ಡೋಸ್ ಆಗಿರುತ್ತದೆ! ಅದು ಸುಳ್ಳು ಲೆಕ್ಕವೇ ಆಗಿರಬೇಕೆಂದಿಲ್ಲ. ನಮ್ಮಲ್ಲಿ ಮೊದಲ ಹೆರಿಗೆ ತವರಲ್ಲಿ ಅಲ್ವಾ? ಕ್ಷಯಕ್ಕೆ ಕೊಡುವ ಬಿಸಿಜಿ, ಪೆಂಟಾ ಮೊದಲ ಡೋಸ್ ತವರಲ್ಲೇ ಆಗುತ್ತದೆ, ಆಮೇಲೆ ಮಗು ಗಂಡನ ಮನೆಗೆ ಹೋಗುತ್ತದೆ, ಅಲ್ಲಿಂದ ಅಪ್ಪ ಅಮ್ಮನ ಜೊತೆ ಬೆಂಗಳೂರಿಗೋ ಪುಣೆಗೋ ಕಟ್ಟಡ ಕೆಲಸಕ್ಕೆ. ಡೋಸ್ ಒಂದು ಊರಿನ ಲೆಕ್ಕ, ಮಗು ಇನ್ನೊಂದು ಊರಿನ ಲೆಕ್ಕ. ಮೇಲಾಗಿ ಒಟ್ಟು ಮಕ್ಕಳೆಷ್ಟು ಅನ್ನುವುದು 2011ರ ಜನಗಣತಿ ಮೇಲೆ ಹಾಕಿದ ಅಂದಾಜು.

ಅದಕ್ಕೇ ನಾನು ಮನೆ ಮನೆಗೆ ಹೋಗುತ್ತೇನೆ. 30 ಊರು ಅಥವಾ ವಾರ್ಡುಗಳನ್ನು ಜನಸಂಖ್ಯೆ ಪ್ರಕಾರ ಆರಿಸಿ, ಒಂದೊಂದರಲ್ಲಿ 12ರಿಂದ 23 ತಿಂಗಳ 7 ಮಕ್ಕಳನ್ನು ನೋಡುವ ಹಳೇ ಪದ್ಧತಿ. ಮೊದಲು ತಾಯಿ ಕಾರ್ಡ್ ಕೇಳುತ್ತೇನೆ. ಟ್ರಂಕಿನೊಳಗೆ, ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿರುತ್ತಾರೆ. ಪೆಂಟಾ 6, 10, 14 ವಾರಕ್ಕೆ ಕೊಡುವುದು. ಮೂರೂ ತಾರೀಖು ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದಂತಿದ್ದರೆ ಸಿಸ್ಟರ್ ರಿಜಿಸ್ಟರಿನ ಜೊತೆ ತಾಳೆ ನೋಡುತ್ತೇನೆ. ಮಗುವಿನ ಎಡ ತೋಳಿನ ಮೇಲೆ ಬಿಸಿಜಿ ಕಲೆ ಇದೆಯಾ ಅಂತಲೂ ನೋಡುತ್ತೇನೆ. ಕಾರ್ಡ್ ಇಲ್ಲದೆ ಅಮ್ಮ ಬಾಯಲ್ಲಿ ಹೇಳಿದ್ದನ್ನು ಬೇರೆ ಕಾಲಮ್ಮಿನಲ್ಲಿ ಬರೆಯುತ್ತೇನೆ, ಎರಡನ್ನೂ ಕಲಸುವುದಿಲ್ಲ.

ಇಷ್ಟಾದರೂ ಗೊತ್ತಾಗುವುದು ಎಷ್ಟು ಮಕ್ಕಳಿಗೆ ಸೂಜಿ ತಾಗಿದೆ ಅಂತ ಮಾತ್ರ. ರೋಗ ಎಷ್ಟು ತಪ್ಪಿತು ಅನ್ನುವುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಸಿಗುವುದು ರೋಗ ಬಂದಾಗಲೇ. ಒಂದು ಊರಿನಲ್ಲಿ ದಡಾರ ಎದ್ದಿತ್ತು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮನೆಗಳನ್ನು ಹಿಡಿದು ಹೊರಟೆವು. ಒಬ್ಬ ಅಜ್ಜಿ ನೇರವಾಗಿ ಕೇಳಿದರು, "ಸೂಜಿ ಮಾಡಿಸಿದ ಕೂಸಿಗೇ ಬಂದೈತಲ್ರೀ, ಮತ್ಯಾಕ ಮಾಡಸ್ಬೇಕ್ರಿ?" ಪಟ್ಟಿ ನೋಡಿದರೆ ಅಜ್ಜಿಯ ಮಾತು ನಿಜ, ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಒಂದು ಡೋಸಾದರೂ ಆಗಿತ್ತು.

ಲೆಕ್ಕ ಹೀಗಿದೆ. 1000 ಮಕ್ಕಳಿದ್ದಾರೆ ಅಂದುಕೊಳ್ಳಿ, 900 ಮಕ್ಕಳಿಗೆ ಲಸಿಕೆ ಆಗಿದೆ. 9 ತಿಂಗಳಿಗೆ ಕೊಡುವ ಒಂದು ಡೋಸ್ ಸುಮಾರು 85% ಮಕ್ಕಳನ್ನು ಕಾಪಾಡುತ್ತದೆ. ಅಂದರೆ 900ರಲ್ಲಿ 135 ಮಕ್ಕಳಿಗೆ ರಕ್ಷಣೆ ಸಿಕ್ಕಿಲ್ಲ. ಹಾಕಿಸದವರು 100. ದಡಾರ ಎಂಥ ಅಂಟುರೋಗ ಅಂದರೆ ರಕ್ಷಣೆ ಇಲ್ಲದ ಬಹುತೇಕ ಎಲ್ಲರಿಗೂ ಬರುತ್ತದೆ. ಎಲ್ಲರಿಗೂ ಬಂತು ಅಂತಲೇ ಇಟ್ಟುಕೊಂಡರೆ ಒಟ್ಟು 235, ಅದರಲ್ಲಿ ಲಸಿಕೆ ಆದವರು 135. ನೂರಕ್ಕೆ 57! ಆದರೆ ಹಾಕಿಸಿದವರಲ್ಲಿ ನೂರಕ್ಕೆ 15 ಮಕ್ಕಳಿಗೆ ಬಂತು, ಹಾಕಿಸದವರಲ್ಲಿ ನೂರಕ್ಕೆ ನೂರು. ತಪ್ಪಿಸಿಕೊಂಡ 765 ಮಕ್ಕಳ ಮನೆ ಬಾಗಿಲಿಗೆ ಬೇವಿನ ಸೊಪ್ಪು ಇರುವುದಿಲ್ಲ, ಹಾಗಾಗಿ ಯಾರೂ ಅವರನ್ನು ಎಣಿಸುವುದಿಲ್ಲ.

ಅದಕ್ಕೇ ರೋಗ ಬಂದ ಮನೆಗಳ ಪಟ್ಟಿ ಮಾತ್ರ ಸಾಲದು, ಬಾರದ ಮಕ್ಕಳ ಪಟ್ಟಿಯೂ ಬೇಕು. ವಯಸ್ಸು, ಎಷ್ಟು ಡೋಸ್, ಗುಳ್ಳೆ ಎದ್ದ ದಿನ, ಮೊದಲೇ ದಡಾರ ಬಂದಿತ್ತಾ, ಎಲ್ಲ ಬರೆಯಬೇಕು. 9 ತಿಂಗಳಿಗಿಂತ ಚಿಕ್ಕ ಮಕ್ಕಳನ್ನು ಈ ಹೋಲಿಕೆಯಿಂದ ಬಿಡಬೇಕು, ಅವರಿಗಿನ್ನೂ ಡೋಸಿನ ವಯಸ್ಸೇ ಆಗಿಲ್ಲ. ಒಂದು ಡೋಸ್, ಎರಡು ಡೋಸ್ ಬೇರೆ ಬೇರೆ ಲೆಕ್ಕ. ರಕ್ಷಣೆ ತೀರಾ ಕಮ್ಮಿ ಕಂಡರೆ ಆಸ್ಪತ್ರೆಯಲ್ಲಿ ಲಸಿಕೆ ತಣ್ಣಗಿಡುವ ಐಎಲ್‌ಆರ್ ಪೆಟ್ಟಿಗೆಯ ಉಷ್ಣಾಂಶದ ಪುಸ್ತಕ ತೆಗೆಸುತ್ತೇನೆ: 2ರಿಂದ 8 ಡಿಗ್ರಿ ದಾಟಿತ್ತಾ? ಕಲಸಿದ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯನ್ನು 4 ಗಂಟೆ ಒಳಗೆ ಮುಗಿಸಿದರಾ?

ಹಿಂದಿನ ವರ್ಷ ಇಷ್ಟು ಕೇಸು, ಈಗ ಇಷ್ಟು ಅಂತ ಹೋಲಿಸುವವರ ಮೇಲೆ ನನಗೆ ಸ್ವಲ್ಪ ಗುಮಾನಿ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ಎಂಆರ್ ಅಭಿಯಾನ ನಡೆಯಿತು. ಅದರ ಫಲ ನೋಡಬೇಕು ಅಂದರೆ 2020ರ ಅಂಕಿ ಇಟ್ಟುಕೊಂಡು ಏನು ಮಾಡುವುದು? ಶಾಲೆ ಮುಚ್ಚಿತ್ತು, ಜನ ಆಸ್ಪತ್ರೆಗೇ ಬರುತ್ತಿರಲಿಲ್ಲ. ನಾನು ವಯಸ್ಸು ನೋಡುತ್ತೇನೆ. ಗಂಟಲುಮಾರಿ ಚಿಕ್ಕ ಮಕ್ಕಳಲ್ಲಿ ಕಮ್ಮಿಯಾಗಿ ಶಾಲೆ ಮಕ್ಕಳಲ್ಲಿ ಕಂಡರೆ, ಮೊದಲ ಡೋಸುಗಳು ಕೆಲಸ ಮಾಡಿವೆ, 5 ವರ್ಷದ ಬೂಸ್ಟರ್ ತಪ್ಪಿಹೋಗುತ್ತಿರಬಹುದು ಅನ್ನುವ ಸುಳಿವು. ಭೇದಿ ತರುವ ರೋಟಾ ವೈರಸ್ಸಿನ ಲಸಿಕೆಯ ಲೆಕ್ಕ ಇನ್ನೂ ಕಷ್ಟ, ಭೇದಿಗೆ ನೂರೆಂಟು ಕಾರಣ. ಅದಕ್ಕೆ ದೊಡ್ಡಾಸ್ಪತ್ರೆ ದಾಖಲೆ, ಮಲದ ಪರೀಕ್ಷೆ ಬೇಕು, ಹಳ್ಳಿ ಸಮೀಕ್ಷೆಯಲ್ಲಿ ಆಗುವುದಿಲ್ಲ.

ಆ ಊರಿನ ವರದಿಯಲ್ಲಿ ಶೇಕಡಾವಾರು ಸುಮ್ನೆ ಅರ್ಧ ಪುಟ. ಉಳಿದದ್ದೆಲ್ಲ ಡೋಸ್ ತಪ್ಪಿದ ಮನೆಗಳ ಪಟ್ಟಿ. ಹೆಚ್ಚಿನವು ಗುರುವಾರ ಬೆಳಿಗ್ಗೆ, ಲಸಿಕೆ ಹಾಕುವ ಹೊತ್ತಿಗೆ, ಹೊಲಕ್ಕೆ ಹೋಗುವ ಮನೆಗಳು. ಸಂಜೆ ಒಂದು ಸೆಷನ್ ಇಡಿ, ಯುಗಾದಿಗೆ ಊರಿಗೆ ಬರುವ ವಲಸೆ ಮಕ್ಕಳ ಹೆಸರನ್ನು ಆಶಾ ಮುಂಚೆಯೇ ಬರೆದಿಟ್ಟುಕೊಳ್ಳಲಿ ಅಂತ ಬರೆದು ಕೊಟ್ಟೆ.